ಗಾಡಿಯ ಬ್ಯಾಟರಿ ರಾತ್ರೋರಾತ್ರಿ ಯಾಕೆ ಖಾಲಿ ಆಗುತ್ತದೆ?



ನಿನ್ನೆ ಸಂಜೆ ಚಲೋ ಓಡಿದ ಕಾರು ಇವತ್ತು ಬೆಳಿಗ್ಗೆ ಚಾಲು ಆಗುವುದಿಲ್ಲ. ಚಾವಿ ತಿರುವಿದರೆ ಬರೇ ‘ಟಕ್ ಟಕ್’ ಅನ್ನುತ್ತದೆ. ಹಾರ್ನು ಒತ್ತಿದರೆ ಬೆಕ್ಕಿನ ಮರಿ ಕೂಗಿದಂತೆ ಕೇಳುತ್ತದೆ. ಆಗ ಸುತ್ತ ನಿಂತವರೆಲ್ಲ ಹೇಳುವ ಮಾತು ಒಂದೇ. “ಬ್ಯಾಟರಿ ಹೋಗೇತ್ರಿ, ಹೊಸಾದು ಹಾಕಸ್ರಿ.”

ಹೊಸ ಬ್ಯಾಟರಿ ಅಂದರೆ ಸಣ್ಣ ಕಾರಿಗೂ ಮೂರು ನಾಲ್ಕು ಸಾವಿರ ರೂಪಾಯಿ. ಅಷ್ಟು ರೊಕ್ಕ ಕೊಟ್ಟು ಹಾಕಿಸಿದ ಮೇಲೆ ಎರಡು ತಿಂಗಳಿಗೆ ಮತ್ತೆ ಅದೇ ‘ಟಕ್ ಟಕ್’ ಶುರುವಾದರೆ ಏನು ಮಾಡಬೇಕು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ಗಾದೆ ನಿಮಗೆ ಗೊತ್ತಿದೆ. ಗಾಡಿಯ ವಿಷಯದಲ್ಲಿ ಬಹಳ ಸಲ ಹೀಗೇ ಆಗುತ್ತದೆ. ಬ್ಯಾಟರಿ ಖಾಲಿ ಆಗಿದೆ ಎಂಬುದು ಖರೆ. ಆದರೆ ಖಾಲಿ ಮಾಡಿದವರು ಯಾರು ಎಂದು ಹುಡುಕುವುದೇ ಇಲ್ಲ.

ನಮ್ಮ ಊರಿನಂಥ ಹಳ್ಳಿಯಲ್ಲಿ ಇದು ಬರೇ ರೊಕ್ಕದ ಮಾತಲ್ಲ. ರಾತ್ರಿ ಹೊತ್ತು ಯಾರಿಗಾದರೂ ಹಾವು ಕಡಿದರೆ, ಎದೆನೋವು ಬಂದರೆ, ಹೆರಿಗೆ ನೋವು ಬಂದರೆ ೧೦೮ಕ್ಕೆ ಫೋನ್ ಮಾಡುತ್ತೇವೆ. ಅದು ಬರುವುದು ತಡವಾದರೆ ಊರೊಳಗಿನ ಹಳೇ ಗಾಡಿಯೇ ಗತಿ. ಆ ಹೊತ್ತಿಗೆ ಅದು ಚಾಲು ಆಗಲೇಬೇಕು.

ನಮ್ಮ ಕಾಕಾ ಧಾರವಾಡದ ಮಾಳಮಡ್ಡಿಯಲ್ಲಿ ಗಾಡಿಗಳ ಕರೆಂಟಿನ ಕೆಲಸ ಮಾಡುತ್ತಾರೆ. ಮಾಳಮಡ್ಡಿಯಲ್ಲಿ ಹಳೇ ಮನೆಗಳಿವೆ, ಕೆಲವು ಮನೆಗಳ ಮುಂದೆ ಹಳೇ ಕಾರುಗಳೂ ಇವೆ. ಅಂಬಾಸಿಡರ್ ಕಾರು ತಯಾರಾಗುವುದು ೨೦೧೪ರಲ್ಲಿ ನಿಂತುಹೋಯಿತು. ೧೯೮೩ರಲ್ಲಿ ಶುರುವಾದ ಮಾರುತಿ ೮೦೦ ಕೂಡ ಅದೇ ವರ್ಷ ನಿಂತಿತು. ಹೊಸದು ಸಿಗುವುದಿಲ್ಲ ಅಂತ ಇದ್ದ ಕಾರನ್ನೇ ಜೋಪಾನ ಮಾಡುವವರು ಕಾಕಾ ಕಡೆ ಬರುತ್ತಾರೆ. ರಜೆಯಲ್ಲಿ ಅವರ ಹತ್ತಿರ ಇದ್ದಾಗ ಕೇಳಿ, ನೋಡಿ, ಬರೆದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಬ್ಯಾಟರಿಯ ಹೊಟ್ಟೆಯಲ್ಲಿ ಏನಿದೆ?

ಕಾರಿನ ಬ್ಯಾಟರಿಯಲ್ಲಿ ಆರು ಕೋಣೆಗಳು ಇರುತ್ತವೆ. ಒಂದೊಂದು ಕೋಣೆಗೆ ಸೆಲ್ ಎನ್ನುತ್ತಾರೆ. ಪ್ರತಿ ಸೆಲ್ಲಿನಲ್ಲಿ ಸೀಸದ ತಗಡುಗಳು ಮತ್ತು ನೀರು ಬೆರೆಸಿದ ಗಂಧಕದ ಆಮ್ಲ ಇರುತ್ತವೆ. ಒಂದು ಸೆಲ್ ಸುಮಾರು ೨.೧ ವೋಲ್ಟ್ ಕೊಡುತ್ತದೆ. ಆರನ್ನು ಸಾಲಾಗಿ ಜೋಡಿಸಿದರೆ ೬ × ೨.೧ = ೧೨.೬ ವೋಲ್ಟ್. ನಾವು ಬಾಯಿಮಾತಿಗೆ ಹನ್ನೆರಡು ವೋಲ್ಟಿನ ಬ್ಯಾಟರಿ ಅನ್ನುತ್ತೇವೆ. ಈ ಸೀಸದ ಬ್ಯಾಟರಿಯನ್ನು ೧೮೫೯ರಲ್ಲಿ ಫ್ರಾನ್ಸ್ ದೇಶದ ಗಾಸ್ತೋನ್ ಪ್ಲಾಂತೆ ಎಂಬ ವಿಜ್ಞಾನಿ ಕಂಡುಹಿಡಿದರು. ಅದಕ್ಕಿಂತ ಮೊದಲಿನ ಬ್ಯಾಟರಿಗಳು ಒಮ್ಮೆ ಖಾಲಿ ಆದರೆ ಮುಗಿಯಿತು. ಪ್ಲಾಂತೆಯವರ ಬ್ಯಾಟರಿಯನ್ನು ಮತ್ತೆ ಮತ್ತೆ ತುಂಬಲು ಬರುತ್ತಿತ್ತು. ಅದೇ ದೊಡ್ಡ ವಿಶೇಷ.

ಬ್ಯಾಟರಿ ಕರೆಂಟ್ ಕೊಡುವಾಗ ಆಮ್ಲದೊಳಗಿನ ಗಂಧಕದ ಅಂಶ ಹೋಗಿ ಸೀಸದ ತಗಡಿಗೆ ಅಂಟಿಕೊಳ್ಳುತ್ತದೆ. ಉಳಿದ ದ್ರವ ನೀರಿನಂತೆ ಹಗುರಾಗುತ್ತದೆ. ಚಾರ್ಜ್ ಮಾಡಿದಾಗ ಆ ಅಂಶ ತಗಡನ್ನು ಬಿಟ್ಟು ಮತ್ತೆ ದ್ರವಕ್ಕೆ ಬರುತ್ತದೆ. ಆದರೆ ಖಾಲಿ ಬ್ಯಾಟರಿಯನ್ನು ಹಾಗೇ ವಾರಗಟ್ಟಲೆ ಬಿಟ್ಟರೆ ತಗಡಿಗೆ ಅಂಟಿದ್ದು ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನಷ್ಟು ತುಂಬುವುದಿಲ್ಲ. ಹೊಸ ಬ್ಯಾಟರಿ ಕೂಡ ಹೀಗೆ ನಾಲ್ಕಾರು ಸಲ ಪೂರ್ತಿ ಖಾಲಿಯಾದರೆ ಬೇಗ ಕೆಡುತ್ತದೆ.

ಕಾಕಾ ನನಗೆ ಮೊದಲು ಹೇಳಿದ ಮಾತು ಇದು. “ನೋಡವಾ, ಬ್ಯಾಟರಿ ಅಂದ್ರ ಹೊಲ ಅಲ್ಲ, ಹಗೇವು. ಅದು ಜ್ವಾಳ ಬೆಳಿಯೂದಿಲ್ಲ. ನೀ ತುಂಬಿದ್ದಷ್ಟ ಇಟ್ಕೊಂಡು ಕೊಡತೈತಿ.”

ಹಾಗಾದರೆ ಬೆಳೆಯುವ ಹೊಲ ಯಾವುದು? ಅದೇ ಎಂಜಿನ್ ಪಕ್ಕದಲ್ಲಿರುವ ಆಲ್ಟರ್ನೇಟರ್. ಬಹಳ ಹಳೇ ಗಾಡಿಗಳಲ್ಲಿ ಇದರ ಬದಲು ಡೈನಮೊ ಇರುತ್ತದೆ. ಎಂಜಿನ್ ತಿರುಗುವಾಗ ಬೆಲ್ಟು ಇದನ್ನೂ ತಿರುಗಿಸುತ್ತದೆ. ತಂತಿಯ ಸುರುಳಿಯ ಹತ್ತಿರ ಅಯಸ್ಕಾಂತ ಚಲಿಸಿದರೆ ತಂತಿಯಲ್ಲಿ ಕರೆಂಟ್ ಹುಟ್ಟುತ್ತದೆ ಎಂದು ೧೮೩೧ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟರು. ಸೈಕಲ್ ಗಾಲಿಗೆ ಹಚ್ಚುವ ಡೈನಮೊ ನೋಡಿದವರಿಗೆ ಇದು ತಿಳಿಯುತ್ತದೆ. ಗಾಲಿ ತಿರುಗಿದರೆ ದೀಪ, ನಿಂತರೆ ಕತ್ತಲೆ. ಕಾರಿಗೆ ಎಂಜಿನ್ ನಿಂತಾಗಲೂ ಕರೆಂಟ್ ಬೇಕು. ಅದಕ್ಕಾಗಿಯೇ ಬ್ಯಾಟರಿ.

ಸೆಲ್ಫ್ ಬಹಳ ತಿನ್ನುತ್ತದೆಯೇ?

ಮೊದಲು ಕಾರುಗಳನ್ನು ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುವಿ ಚಾಲು ಮಾಡುತ್ತಿದ್ದರು. ಹ್ಯಾಂಡಲ್ ಉಲ್ಟಾ ಹೊಡೆದು ಕೈ ಮುರಿದುಕೊಂಡವರೂ ಇದ್ದರು. ೧೯೧೨ರಲ್ಲಿ ಅಮೇರಿಕದ ಕ್ಯಾಡಿಲಾಕ್ ಕಾರಿಗೆ ಕರೆಂಟಿನಿಂದ ತಿರುಗುವ ಸ್ಟಾರ್ಟರ್ ಬಂತು. ನಾವು ಸೆಲ್ಫ್ ಅನ್ನುವುದು ಅದಕ್ಕೇ.

ಸೆಲ್ಫ್ ಹೊಡೆಯುವಾಗ ಒಂದೇ ಸಲಕ್ಕೆ ನೂರು, ನೂರೈವತ್ತು ಆಂಪಿಯರ್ ಕರೆಂಟ್ ಹರಿಯುತ್ತದೆ. ಅದಕ್ಕೇ ಎಲ್ಲರೂ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯಿತು ಅನ್ನುತ್ತಾರೆ. ನಾವು ಏಳನೇ ತರಗತಿಯವರು, ಲೆಕ್ಕ ಮಾಡಿಯೇ ನೋಡೋಣ.

ಬ್ಯಾಟರಿಯ ಮೇಲೆ ‘೩೫ ಎ.ಎಚ್.’ ಎಂದು ಬರೆದಿದ್ದರೆ ೩೫ ಆಂಪಿಯರ್ ತಾಸು ಎಂದು ಅರ್ಥ. ಅಂದರೆ ಒಂದು ಆಂಪಿಯರಿನಂತೆ ಸುಮಾರು ೩೫ ತಾಸು ಕರೆಂಟ್ ಕೊಡಬಲ್ಲದು. ಸಣ್ಣ ಕಾರಿಗೆ ಇಂಥದೇ ಬ್ಯಾಟರಿ ಇರುತ್ತದೆ.

ಸೆಲ್ಫ್ ೧೫೦ ಆಂಪಿಯರಿನಂತೆ ೪ ಸೆಕೆಂಡ್ ಹೊಡೆಯಿತು ಎನ್ನೋಣ. ೧೫೦ × ೪ = ೬೦೦. ಒಂದು ತಾಸಿಗೆ ೩೬೦೦ ಸೆಕೆಂಡ್. ೬೦೦ ÷ ೩೬೦೦ = ಸುಮಾರು ೦.೧೭ ಆಂಪಿಯರ್ ತಾಸು. ಇಷ್ಟೇ!

ಈಗ ಡಿಕ್ಕಿಯೊಳಗಿನ ೫ ವ್ಯಾಟಿನ ಗುಬ್ಬಿಯಂಥ ದೀಪ ನೋಡಿರಿ. ೫ ÷ ೧೨ = ೦.೪೨ ಆಂಪಿಯರ್. ಅದು ರಾತ್ರಿ ೧೦ ತಾಸು ಉರಿದರೆ ೪.೨ ಆಂಪಿಯರ್ ತಾಸು. ಅಂದರೆ ೨೫ ಸಲ ಸೆಲ್ಫ್ ಹೊಡೆದಷ್ಟು ಕರೆಂಟನ್ನು ಆ ಪುಟ್ಟ ದೀಪ ಒಂದೇ ರಾತ್ರಿಯಲ್ಲಿ ಕುಡಿಯಿತು! ಹನಿಹನಿ ಕೂಡಿದರೆ ಹಳ್ಳ ಎನ್ನುವುದು ಇದಕ್ಕೇ. ಸೆಲ್ಫ್ ದೊಡ್ಡ ತುತ್ತು ತಿನ್ನುತ್ತದೆ, ಆದರೆ ನಾಲ್ಕು ಸೆಕೆಂಡಿಗೆ ಎದ್ದುಹೋಗುತ್ತದೆ. ಸಣ್ಣ ದೀಪ ಎದ್ದೇ ಹೋಗುವುದಿಲ್ಲ.

ಎರಡು ಹೆಡ್‌ಲೈಟ್ ಹಚ್ಚಿಟ್ಟು ಮರೆತರೆ ಮುಗಿದೇ ಹೋಯಿತು. ೫೫ ವ್ಯಾಟಿನ ಎರಡು ದೀಪ, ಒಟ್ಟು ೧೧೦ ವ್ಯಾಟ್. ಅದು ೯ ಆಂಪಿಯರಿಗಿಂತ ಹೆಚ್ಚು. ನಾಲ್ಕು ತಾಸಿನೊಳಗೆ ಬ್ಯಾಟರಿ ಖಾಲಿ.

ಮೂರು ಪ್ರಶ್ನೆ

ಮನೆಯ ಮೇಲಿನ ನೀರಿನ ಟಾಕಿ ಬೆಳಗಾಗುವುದರೊಳಗೆ ಬರಿದಾಗಿದ್ದರೆ ಕಾರಣ ಮೂರೇ. ಒಂದು, ಟಾಕಿಯೇ ಒಡೆದಿದೆ. ಎರಡು, ಟಾಕಿಗೆ ನೀರು ಏರಿಯೇ ಇಲ್ಲ. ಮೂರು, ಯಾವುದೋ ನಳ ತೆರೆದೇ ಉಳಿದಿದೆ. ಬ್ಯಾಟರಿಗೂ ಇವೇ ಮೂರು ಪ್ರಶ್ನೆ ಕೇಳಬೇಕು. ಟಾಕಿ ಬದಲಿಸುವ ಮೊದಲು ನಳ ನೋಡಬೇಕಲ್ಲವೇ?

ಪ್ರಶ್ನೆಗಿಂತ ಮೊದಲು ಎಚ್ಚರಿಕೆ. ಈ ಕೆಲಸವನ್ನು ನಾವು ಮಕ್ಕಳು ಒಬ್ಬೊಬ್ಬರೇ ಮಾಡಬಾರದು, ದೊಡ್ಡವರ ಜೊತೆಗೇ ಮಾಡಬೇಕು. ಹನ್ನೆರಡು ವೋಲ್ಟ್ ನಮಗೆ ಶಾಕ್ ಹೊಡೆಯುವುದಿಲ್ಲ, ಆದರೆ ಪ್ಲಸ್ಸಿಗೂ ಗಾಡಿಯ ಬಾಡಿಗೂ ಒಂದು ಪಾನಾ ಅಡ್ಡ ಬಿದ್ದರೆ ಅದು ಕೆಂಪಗೆ ಕಾಯುತ್ತದೆ. ಉಂಗುರ, ಬಳೆ ತೆಗೆದಿಡಬೇಕು. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರುತ್ತದೆ, ಅದು ಕಿಡಿ ತಾಗಿದರೆ ಸ್ಫೋಟ ಆಗುತ್ತದೆ. ಬೀಡಿ, ಕಡ್ಡಿಪೆಟ್ಟಿಗೆ ದೂರ ಇರಲಿ. ಆಮ್ಲ ಮೈಗೆ ಕಣ್ಣಿಗೆ ಸಿಡಿದರೆ ಕೂಡಲೇ ಬಹಳ ನೀರು ಹಾಕಿ ತೊಳೆದು ಡಾಕ್ಟರ ಕಡೆ ಹೋಗಬೇಕು.

ಇನ್ನೊಂದು ನಿಯಮ. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್ ವಾಯರು, ಹಚ್ಚುವಾಗ ಕೊನೆಗೆ ಮೈನಸ್ ವಾಯರು. ಯಾಕಂದ್ರ ಗಾಡಿಯ ಬಾಡಿ ಪೂರ್ತಿ ಮೈನಸ್ಸಿಗೆ ಕೂಡಿರುತ್ತದೆ. ಮೈನಸ್ ಬಿಚ್ಚಿದ ಮೇಲೆ ಪ್ಲಸ್ ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೂ ಏನೂ ಆಗುವುದಿಲ್ಲ.

ಮೊದಲನೇ ಪ್ರಶ್ನೆ: ಟಾಕಿ ಗಟ್ಟಿ ಇದೆಯೇ?

ಮೊದಲು ಬರೇ ಕಣ್ಣಿನಿಂದ ನೋಡಿರಿ. ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಕರೆಂಟ್ ಸರಿಯಾಗಿ ಹಾಯುವುದಿಲ್ಲ. ಬ್ಯಾಟರಿ ತುಂಬಿದ್ದರೂ ಗಾಡಿ ಟಕ್ ಟಕ್ ಅನ್ನುತ್ತದೆ. ವಾಯರು ಬಿಚ್ಚಿ ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ಬಿಗಿಯಾಗಿ ಕೂಡಿಸಿ, ಮೇಲೆ ವ್ಯಾಸಲೀನ್ ಸವರಬೇಕು. ಸೋಡಾ ನೀರು ಸೆಲ್ಲಿನೊಳಗೆ ಮಾತ್ರ ಹೋಗಬಾರದು. ಕಾಕಾ ಹತ್ತಿರ ಬರುವ ಎಷ್ಟೋ ಗಾಡಿಗಳು ಇಷ್ಟರಲ್ಲೇ ಸರಿ ಆಗುತ್ತವೆ.

ಮುಚ್ಚಳ ಇರುವ ಬ್ಯಾಟರಿಯಾದರೆ ತೆಗೆದು ನೋಡಬೇಕು. ತಗಡುಗಳು ದ್ರವದಲ್ಲಿ ಮುಳುಗಿರಬೇಕು. ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬೋರಿನ ನೀರು, ನಳದ ನೀರು ಹಾಕಿದರೆ ಅದರಲ್ಲಿನ ಉಪ್ಪು, ಸುಣ್ಣ ತಗಡನ್ನು ಕೆಡಿಸುತ್ತವೆ.

ಆಮೇಲೆ ಮೀಟರ್. ಗಾಡಿ ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ವೋಲ್ಟ್ ಅಳೆಯಬೇಕು. ೧೨.೬ ಇದ್ದರೆ ತುಂಬಿದೆ. ೧೨.೪ ಇದ್ದರೆ ಮುಕ್ಕಾಲು. ೧೨.೨ ಅಂದರೆ ಅರ್ಧ. ೧೨ಕ್ಕೆ ಬಂತೆಂದರೆ ಕಾಲು ಭಾಗ ಮಾತ್ರ ಉಳಿದಿದೆ. ೧೧.೮ಕ್ಕಿಂತ ಕೆಳಗೆ ಖಾಲಿಯೇ ಎನ್ನಬಹುದು. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಹನ್ನೆರಡು ಇದ್ದರೆ ತುಂಬಿದಂತಲ್ಲ, ಇದು ಬಹಳ ಜನರಿಗೆ ಗೊತ್ತಿಲ್ಲ.

ಇಡೀ ರಾತ್ರಿ ಚಾರ್ಜ್ ಮಾಡಿದರೂ ೧೦.೫ ಸುತ್ತಲೇ ನಿಂತರೆ? ೫ × ೨.೧ = ೧೦.೫. ಅಂದರೆ ಆರರಲ್ಲಿ ಒಂದು ಸೆಲ್ ಸತ್ತಿದೆ. ಆಗ ಮಾತ್ರ ಖರೇನ ಹೊಸ ಬ್ಯಾಟರಿ ಬೇಕು. ಹೈಡ್ರೋಮೀಟರ್ ಎಂಬ ಗಾಜಿನ ಕೊಳವೆಯಿಂದ ಒಂದೊಂದು ಸೆಲ್ಲಿನ ದ್ರವ ಹೀರಿಯೂ ನೋಡಬಹುದು. ತುಂಬಿದ ಸೆಲ್ಲಿನಲ್ಲಿ ಅದು ೧.೨೬ರ ಸುತ್ತ ತೋರಿಸುತ್ತದೆ, ಖಾಲಿ ಸೆಲ್ಲಿನಲ್ಲಿ ೧.೧೨ರ ಸುತ್ತ. ಐದು ಒಂದೇ ಥರ ಇದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಅದೇ ಕೆಟ್ಟದ್ದು.

ಬ್ಯಾಟರಿಗೂ ವಯಸ್ಸಾಗುತ್ತದೆ. ಮೂರ್ನಾಲ್ಕು ವರ್ಷ ದುಡಿದದ್ದಾದರೆ ಅದನ್ನು ಬೈಯಬಾರದು. ಚಳಿಗಾಲದಲ್ಲಿ ಎಣ್ಣೆ ದಪ್ಪ ಆಗುತ್ತದೆ, ಬ್ಯಾಟರಿಯ ಶಕ್ತಿಯೂ ಕಡಿಮೆ ಆಗುತ್ತದೆ. ಅದಕ್ಕೇ ಮುದಿ ಬ್ಯಾಟರಿಗಳು ಡಿಸೆಂಬರ್, ಜನವರಿಯ ಬೆಳಗಿನ ಜಾವ ಕೈಕೊಡುತ್ತವೆ.

ಎರಡನೇ ಪ್ರಶ್ನೆ: ನೀರು ಏರುತ್ತಿದೆಯೇ?

ಎಂಜಿನ್ ಚಾಲು ಇದ್ದಾಗ ಬ್ಯಾಟರಿಯ ಮೇಲೆ ಮೀಟರ್ ಹಿಡಿದರೆ ೧೩.೮ರಿಂದ ೧೪.೪ ವೋಲ್ಟ್ ಬರಬೇಕು. ೧೨.೬ಕ್ಕಿಂತ ಹೆಚ್ಚು ಒತ್ತಡ ಇದ್ದರೆ ಮಾತ್ರ ಬ್ಯಾಟರಿಯ ಕಡೆಗೆ ಕರೆಂಟ್ ಹರಿಯುತ್ತದೆ. ಪಂಪಿನ ಜೋರು ಟಾಕಿಯ ಎತ್ತರಕ್ಕಿಂತ ಹೆಚ್ಚು ಇದ್ದರೆ ಮಾತ್ರ ನೀರು ಏರುವುದಿಲ್ಲವೇ, ಹಂಗೇ ಇದು. ಮೀಟರ್ ಹನ್ನೆರಡರ ಸುತ್ತಲೇ ಇದ್ದರೆ ಆಲ್ಟರ್ನೇಟರ್ ದುಡಿಯುತ್ತಿಲ್ಲ. ೧೫ ದಾಟಿದರೂ ಕೆಟ್ಟದ್ದೇ. ಆಗ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯ ನೀರು ಕುದಿದು ಆರುತ್ತದೆ.

ಮೀಟರ್ ಇಲ್ಲದವರಿಗೆ ಗಾಡಿಯೇ ಹೇಳುತ್ತದೆ. ಚಾವಿ ತಿರುವಿದಾಗ ಸ್ಟೀರಿಂಗ್ ಮುಂದೆ ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ ಹತ್ತಿ, ಎಂಜಿನ್ ಚಾಲು ಆದ ಮೇಲೆ ಆರಬೇಕು. ಆರದಿದ್ದರೆ ಚಾರ್ಜ್ ಆಗುತ್ತಿಲ್ಲ. ಎಂಜಿನ್ ಬಂದ್ ಮಾಡಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಅರ್ಧ ಇಂಚು ತಗ್ಗಿದರೆ ಸರಿ. ಜೋತುಬಿದ್ದಿದ್ದರೆ ಬೆಲ್ಟು ಜಾರುತ್ತದೆ, ಆಲ್ಟರ್ನೇಟರ್ ಪೂರ್ತಿ ತಿರುಗುವುದಿಲ್ಲ.

ಆಲ್ಟರ್ನೇಟರಿನಲ್ಲಿ ಡಯೋಡ್ ಎಂಬ ಸಣ್ಣ ಬಿಡಿಭಾಗಗಳು ಇರುತ್ತವೆ. ಇವು ಬಾವಿಯ ಪಂಪಿನ ಫುಟ್‌ವಾಲ್ವ್ ಇದ್ದಂತೆ. ಕರೆಂಟನ್ನು ಬ್ಯಾಟರಿಯ ಕಡೆ ಬಿಡುತ್ತವೆ, ಹಿಂದಕ್ಕೆ ಬಿಡುವುದಿಲ್ಲ. ಫುಟ್‌ವಾಲ್ವ್ ಕೆಟ್ಟರೆ ಪೈಪಿನ ನೀರು ರಾತ್ರಿ ಬಾವಿಗೆ ಇಳಿದುಬಿಡುತ್ತದೆ. ಡಯೋಡ್ ಕೆಟ್ಟರೆ ಬ್ಯಾಟರಿಯ ಕರೆಂಟೂ ರಾತ್ರಿಯಿಡೀ ಹಿಂದಕ್ಕೆ ಸೋರುತ್ತದೆ. ಡೈನಮೊ ಇರುವ ಹಳೇ ಗಾಡಿಗಳಲ್ಲಿ ಇದೇ ಕೆಲಸವನ್ನು ಕಟ್‌ಔಟ್ ಎಂಬ ಡಬ್ಬಿ ಮಾಡುತ್ತದೆ. ಅದರ ಪಾಯಿಂಟು ಅಂಟಿಕೊಂಡರೆ ಅದೇ ಗತಿ.

ಮೂರನೇ ಪ್ರಶ್ನೆ: ರಾತ್ರಿ ಕುಡಿಯುವವರು ಯಾರು?

ಇಲ್ಲಿ ನಮ್ಮ ಊರಿನ ಒಂದು ಹಳೇ ವ್ಯಾನಿನ ಸಂಗತಿ ಹೇಳಬೇಕು. ಆ ವ್ಯಾನಿಗೆ ಒಂದೇ ವರ್ಷದಲ್ಲಿ ಎರಡು ಹೊಸ ಬ್ಯಾಟರಿ ಹಾಕಿಸಿದ್ದರು. ವಿಚಿತ್ರ ಏನೆಂದರೆ ಕೆಲವು ತಿಂಗಳು ವ್ಯಾನು ಚಂದ ಇರುತ್ತಿತ್ತು, ಕೆಲವು ತಿಂಗಳು ಚಾಲು ಆಗುತ್ತಲೇ ಇರಲಿಲ್ಲ. ಜನವರಿಯ ಒಂದು ರಾತ್ರಿ ಒಬ್ಬ ಅಜ್ಜಿಗೆ ಉಸಿರು ಕಟ್ಟಿದಂತಾಯಿತು. ಧಾರವಾಡಕ್ಕೆ ಒಯ್ಯಬೇಕೆಂದು ಎಲ್ಲರೂ ವ್ಯಾನಿನ ಹತ್ತಿರ ಓಡಿದರು. ಟಕ್ ಟಕ್. ಹತ್ತು ಮಂದಿ ದಬ್ಬಿದರೂ ಚಾಲು ಆಗಲಿಲ್ಲ, ಯಾಕಂದ್ರ ಪ್ಲಗ್ಗಿನಲ್ಲಿ ಕಿಡಿ ಹಾರಲಿಕ್ಕೂ ಸ್ವಲ್ಪ ಕರೆಂಟ್ ಬೇಕು, ಅಷ್ಟೂ ಉಳಿದಿರಲಿಲ್ಲ. ಕೊನೆಗೆ ಒಬ್ಬರ ಟ್ರ್ಯಾಕ್ಟರ್ ತಂದು ಅದರ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಚಾಲು ಮಾಡಿದರು. ಮುಕ್ಕಾಲು ತಾಸು ಹೋಯಿತು. ಅಜ್ಜಿ ಉಳಿದರು, ಈಗ ಆರಾಮ ಇದ್ದಾರೆ. ಆದರೆ ಆ ಮುಕ್ಕಾಲು ತಾಸನ್ನು ಅವರ ಮನೆಯವರು ಮರೆತಿಲ್ಲ.

ಮುಂದಿನ ವಾರ ವ್ಯಾನಿನ ಯಜಮಾನರು ಮೂರನೇ ಬ್ಯಾಟರಿ ಕೊಳ್ಳಲು ಹೊರಟಿದ್ದರು. ಕಾಕಾ ಅವರನ್ನು ನಿಲ್ಲಿಸಿ, “ಅಣ್ಣಾರ, ಒಂದು ತಾಸು ಕೊಡ್ರಿ. ಮದ್ಲ ಕಳ್ಳನ್ನ ಹುಡುಕೂಣು” ಎಂದರು.

ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ನೋಡಿದರು, ೧೨.೬ ಬಂತು. ಎಂಜಿನ್ ಚಾಲು ಮಾಡಿ ನೋಡಿದರು, ೧೪.೧ ಬಂತು. ಮೊದಲ ಎರಡು ಪ್ರಶ್ನೆಗೆ ವ್ಯಾನು ಪಾಸಾಯಿತು. ಉಳಿದದ್ದು ಮೂರನೆಯದು.

ಕಾಕಾ ಹತ್ತಿರ ಇಂಡಿಕೇಟರಿನ ಹನ್ನೆರಡು ವೋಲ್ಟಿನ ಒಂದು ಬಲ್ಬಿಗೆ ಎರಡು ವಾಯರು ಕೂಡಿಸಿದ ಸಾಧನ ಇದೆ. ವ್ಯಾನಿನ ಎಲ್ಲ ದೀಪ ಆರಿಸಿ, ಬಾಗಿಲು ಮುಚ್ಚಿ, ಚಾವಿ ತೆಗೆದರು. ಬ್ಯಾಟರಿಯ ಮೈನಸ್ ವಾಯರು ಬಿಚ್ಚಿದರು. ಆ ವಾಯರಿಗೂ ಮೈನಸ್ ಟರ್ಮಿನಲ್ಲಿಗೂ ನಡುವೆ ಬಲ್ಬು ಹಿಡಿದರು. ಈಗ ಯಾವ ಕರೆಂಟ್ ಹರಿದರೂ ಈ ಬಲ್ಬಿನೊಳಗಿನಿಂದಲೇ ಹಾಯಬೇಕು. ಎಲ್ಲ ಬಂದ್ ಇದ್ದರೆ ಬಲ್ಬು ಉರಿಯಬಾರದು. ಆದರೆ ಅದು ಕೆಂಡದಂತೆ ಮಂದವಾಗಿ ಕೆಂಪಾಯಿತು!

ಬಲ್ಬಿನ ಬದಲು ಮೀಟರನ್ನು ಆಂಪಿಯರಿಗೆ ಇಟ್ಟು ಹಿಡಿದಾಗ ೦.೩ ತೋರಿಸಿತು. ಗಡಿಯಾರ, ರೇಡಿಯೋ ಇರುವ ಗಾಡಿ ನಿಂತಾಗಲೂ ಸ್ವಲ್ಪ ಕುಡಿಯುತ್ತದೆ, ೦.೦೫ ಆಂಪಿಯರ್ ತನಕ ನಡೆಯುತ್ತದೆ. ಇದು ಅದರ ಆರು ಪಟ್ಟು. (ಮೀಟರ್ ಹೀಗೆ ಹಚ್ಚಿದಾಗ ಸೆಲ್ಫ್ ಹೊಡೆಯಬಾರದು, ಮೀಟರ್ ಸುಡುತ್ತದೆ.)

ಮತ್ತೆ ಬಲ್ಬು ಹಚ್ಚಿ ಒಂದೊಂದೇ ಫ್ಯೂಜು ಕಿತ್ತು ನೋಡಿದರು. ಯಾವ ಫ್ಯೂಜು ಕಿತ್ತಾಗ ಬಲ್ಬು ಆರುತ್ತದೆಯೋ ಆ ದಾರಿಯಲ್ಲೇ ಕಳ್ಳ ಇದ್ದಾನೆ. ಇಲ್ಲಿ ಎಲ್ಲ ಫ್ಯೂಜು ಕಿತ್ತರೂ ಬಲ್ಬು ಆರಲಿಲ್ಲ. ಹಾಗಾದರೆ ಫ್ಯೂಜಿನ ಮೂಲಕ ಹೋಗದ ವಾಯರು ನೋಡಬೇಕು. ಆಲ್ಟರ್ನೇಟರಿನ ವಾಯರು ಬಿಚ್ಚಿದರು, ಬಲ್ಬು ಆರಲಿಲ್ಲ. ಅಂದರೆ ಡಯೋಡ್ ಕೆಟ್ಟಿಲ್ಲ. ಕೊನೆಗೆ ಬ್ಯಾಟರಿಯ ಪ್ಲಸ್ಸಿನಿಂದ ಸೀದಾ ಹೊರಟ ಒಂದು ಸಣ್ಣ ಕೆಂಪು ವಾಯರು ಕಾಣಿಸಿತು. ಅದು ಕಾರ್ಪೆಟ್ ಕೆಳಗೆ ಹಾಯ್ದು ಹಿಂದಿನ ಸೀಟಿನ ಕೆಳಗಿನ ಆಂಪ್ಲಿಫೈಯರಿಗೆ ಹೋಗಿತ್ತು. ಜಾತ್ರೆಗೆ ಹಾಡು ಹಚ್ಚಲು ಯಾರೋ ಕೂಡಿಸಿಕೊಟ್ಟದ್ದು. ಚಾವಿ ತೆಗೆದರೂ ಅದಕ್ಕೆ ಕರೆಂಟ್ ಹೋಗುತ್ತಲೇ ಇತ್ತು. ಆ ವಾಯರು ಬಿಚ್ಚಿದ ಕೂಡಲೇ ಬಲ್ಬು ಆರಿತು.

ಈಗ ಲೆಕ್ಕ. ೦.೩ × ೨೪ = ದಿನಕ್ಕೆ ೭.೨ ಆಂಪಿಯರ್ ತಾಸು. ಐದು ದಿನಕ್ಕೆ ೩೬. ಬ್ಯಾಟರಿಯಲ್ಲಿ ಇರುವುದೇ ೩೫. ವ್ಯಾನು ದಿನಾ ಓಡುವ ತಿಂಗಳಲ್ಲಿ ಆಲ್ಟರ್ನೇಟರ್ ತುಂಬಿಸುತ್ತಿತ್ತು, ಕಳವು ಗೊತ್ತಾಗುತ್ತಿರಲಿಲ್ಲ. ವಾರಕ್ಕೊಮ್ಮೆ ಸಂತೆಗೆ ಮಾತ್ರ ಹೋಗುವ ತಿಂಗಳಲ್ಲಿ ಐದನೇ ದಿನಕ್ಕೆ ಬ್ಯಾಟರಿ ಬರಿದು. ಹಿಂದಿನ ಎರಡು ಬ್ಯಾಟರಿಗಳೂ ಹೀಗೇ ಪೂರ್ತಿ ಖಾಲಿಯಾಗಿ ಆಗಿ ಕೆಟ್ಟಿದ್ದವು. ಕಾಕಾ ಆ ವಾಯರನ್ನು ಒಂದು ಫ್ಯೂಜು ಹಾಕಿ, ಚಾವಿ ತಿರುವಿದರೆ ಮಾತ್ರ ಕರೆಂಟ್ ಬರುವ ಜಾಗಕ್ಕೆ ಕೂಡಿಸಿದರು. ಸಾಮಾನಿಗೆ ನೂರು ರೂಪಾಯಿ ಕೂಡ ಆಗಲಿಲ್ಲ. ಮೂರನೇ ಬ್ಯಾಟರಿಯ ರೊಕ್ಕ ಉಳಿಯಿತು.

ಹಳೇ ಗಾಡಿಯಲ್ಲಿ ಇಂಥ ಕಳ್ಳರು ಇನ್ನೂ ಇರುತ್ತಾರೆ. ಡಿಕ್ಕಿ ಮುಚ್ಚಿದರೂ ಆರದ ದೀಪ, ಬಾಗಿಲಿನ ಒತ್ತುಗುಂಡಿ ತುಕ್ಕು ಹಿಡಿದು ಆರದ ಒಳದೀಪ, ಕಾಲು ತೆಗೆದರೂ ಆರದ ಬ್ರೇಕ್ ದೀಪ. ಇವನ್ನು ರಾತ್ರಿ ಕತ್ತಲೆಯಲ್ಲಿ ಗಾಡಿಯ ಸುತ್ತ ಒಂದು ಸುತ್ತು ಹಾಕಿಯೇ ಹಿಡಿಯಬಹುದು.

ಬ್ಯಾಟರಿ ಸರಿ ಇದ್ದರೂ ದೀಪ ಮಂದ ಯಾಕೆ?

ಮನೆಯಲ್ಲಿ ಬಲ್ಬಿಗೆ ಎರಡು ವಾಯರು ಬರುತ್ತವೆ. ಗಾಡಿಯಲ್ಲಿ ಬಹಳ ಕಡೆ ಒಂದೇ ವಾಯರು. ಕರೆಂಟ್ ಮರಳಿ ಹೋಗುವ ದಾರಿ ಗಾಡಿಯ ಕಬ್ಬಿಣದ ಬಾಡಿ. ಇದಕ್ಕೆ ಅರ್ಥ್ ಎನ್ನುತ್ತಾರೆ. ಹಳೇ ಗಾಡಿಯಲ್ಲಿ ಬಾಡಿಗೂ ವಾಯರಿಗೂ ಕೂಡುವ ನಟ್ಟಿನ ಹತ್ತಿರ ತುಕ್ಕು ಹಿಡಿದರೆ ಆ ದಾರಿ ಕಟ್ಟಿಕೊಳ್ಳುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುವುದು, ಹಾರ್ನು ಹೊಡೆದರೆ ದೀಪ ಸಣ್ಣಗಾಗುವುದು ಇದರ ಲಕ್ಷಣ. ನಟ್ಟು ಬಿಚ್ಚಿ, ಉಸುಕಿನ ಕಾಗದದಿಂದ ತಿಕ್ಕಿ, ಕಬ್ಬಿಣ ಹೊಳೆಯುವಂತೆ ಮಾಡಿ ಬಿಗಿದರೆ ಸಾಕು. ಸ್ವಂತ ಗಾಡಿಗೆ ೧೫ ವರ್ಷ ತುಂಬಿದಾಗ ತಪಾಸಣೆ ಮಾಡಿಸಿ ನೋಂದಣಿ ಹೊಸದು ಮಾಡಿಸಬೇಕು. ಆಗ ದೀಪ, ಹಾರ್ನು ಎಲ್ಲ ಬರೋಬರಿ ಇರಬೇಕು.

ಫ್ಯೂಜು ಪದೇ ಪದೇ ಸುಡುತ್ತಿದ್ದರೆ ಸಿಗರೇಟಿನ ಬೆಳ್ಳಿ ಕಾಗದ, ದಪ್ಪ ತಂತಿ ಸುತ್ತಬಾರದು. ಹತ್ತು ಎಂದು ಬರೆದಲ್ಲಿ ಹತ್ತರದ್ದೇ ಹಾಕಬೇಕು. ಫ್ಯೂಜು ತಾನು ಸುಟ್ಟು ಗಾಡಿಯನ್ನು ಉಳಿಸುತ್ತದೆ. ಅದರ ಬಾಯಿ ಕಟ್ಟಿದರೆ ವಾಯರು ಸುಡುತ್ತದೆ, ಗಾಡಿಗೇ ಬೆಂಕಿ ಹತ್ತಬಹುದು. ಸುಗ್ಗಿಯಲ್ಲಿ ಇಲಿಗಳು ಬಾನೆಟ್ ಒಳಗೆ ಸೇರಿ ವಾಯರು ಕಡಿಯುತ್ತವೆ, ಅದನ್ನೂ ನೋಡಬೇಕು.

ರಾತ್ರಿ ತುರ್ತಿಗೆ ಬೇರೆ ಗಾಡಿಯಿಂದ ಕರೆಂಟ್ ಕೊಡುವುದು

ಇದನ್ನು ಪ್ರತಿ ಊರಲ್ಲಿ ನಾಲ್ಕು ಮಂದಿಯಾದರೂ ಕಲಿತಿರಬೇಕು. ದಪ್ಪ ವಾಯರು ಬೇಕು. ಮೊದಲು ಕೆಂಪು ವಾಯರು ಖಾಲಿ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ತುಂಬಿದ ಬ್ಯಾಟರಿಯ ಪ್ಲಸ್ಸಿಗೆ. ಆಮೇಲೆ ಕಪ್ಪು ವಾಯರು ತುಂಬಿದ ಬ್ಯಾಟರಿಯ ಮೈನಸ್ಸಿಗೆ, ಅದರ ಕೊನೆಯ ತುದಿ ನಿಂತ ಗಾಡಿಯ ಎಂಜಿನ್ನಿನ ಬರಿ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ತುದಿ ಹಚ್ಚುವಾಗ ಕಿಡಿ ಹಾರುತ್ತದೆ, ಬ್ಯಾಟರಿಯ ಅನಿಲಕ್ಕೆ ಅದು ತಾಗಬಾರದು. ಒಳ್ಳೆಯ ಗಾಡಿ ಚಾಲು ಮಾಡಿ ಸ್ವಲ್ಪ ಹೊತ್ತು ಬಿಟ್ಟು ನಿಂತ ಗಾಡಿಯ ಸೆಲ್ಫ್ ಹೊಡೆಯಬೇಕು. ಎರಡೂ ಗಾಡಿ ಹನ್ನೆರಡು ವೋಲ್ಟಿನವೇ ಇರಬೇಕು. ಬಸ್ಸು, ದೊಡ್ಡ ಲಾರಿಗಳಲ್ಲಿ ೨೪ ವೋಲ್ಟ್ ಇರುತ್ತದೆ, ಅವುಗಳಿಂದ ಕೊಡಲೇಬಾರದು.

ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಿದ್ದರೆ ಮೈನಸ್ ವಾಯರು ಬಿಚ್ಚಿ ಇಡುವುದು ಒಳ್ಳೆಯದು. ಆದರೂ ಬ್ಯಾಟರಿ ತನ್ನಷ್ಟಕ್ಕೆ ನಿಧಾನ ಇಳಿಯುತ್ತದೆ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಬೇಕು. ಖರೇನ ಸತ್ತ ಬ್ಯಾಟರಿಯನ್ನು ಹಿತ್ತಲಲ್ಲಿ ಒಡೆದು ಸೀಸ ತೆಗೆಯಬಾರದು. ಸೀಸ ವಿಷ, ಅದರಲ್ಲೂ ಸಣ್ಣ ಮಕ್ಕಳ ಮೆದುಳಿಗೆ ಬಹಳ ಕೆಟ್ಟದ್ದು. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಮರಳಿ ಕೊಡಬೇಕು. ೨೦೨೨ರಲ್ಲಿ ಕೇಂದ್ರ ಸರಕಾರ ಬ್ಯಾಟರಿ ತ್ಯಾಜ್ಯಕ್ಕೆ ಹೊಸ ನಿಯಮ ಮಾಡಿದೆ. ಆ ಸೀಸದಿಂದ ಮತ್ತೆ ಹೊಸ ಬ್ಯಾಟರಿ ಆಗುತ್ತದೆ.

ಗೆಳೆಯರೇ, ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಾದರೂ ಬ್ಯಾಟರಿ ಹೋಯಿತು ಅಂದರೆ ಈ ಮೂರು ಪ್ರಶ್ನೆ ಕೇಳಿರಿ. ಟಾಕಿ ಗಟ್ಟಿ ಇದೆಯೇ? ನೀರು ಏರುತ್ತಿದೆಯೇ? ನಳ ತೆರೆದಿದೆಯೇ? ಮೂರಕ್ಕೂ ಉತ್ತರ ಸಿಕ್ಕ ಮೇಲೆ ರೊಕ್ಕ ಬಿಚ್ಚಲಿ.

ನಿಮಗೊಂದು ಲೆಕ್ಕ: ಒಂದು ಕಾರಿನಲ್ಲಿ ೪೦ ಆಂಪಿಯರ್ ತಾಸಿನ, ೧೨ ವೋಲ್ಟಿನ ಬ್ಯಾಟರಿ ಇದೆ. ಒಳಗೆ ೧೦ ವ್ಯಾಟಿನ ದೀಪ ಆರದೆ ಉಳಿದಿದೆ. ಶನಿವಾರ ಮಧ್ಯಾಹ್ನ ೧೨ ಗಂಟೆಗೆ ನಿಲ್ಲಿಸಿದ ಕಾರಿನ ಬ್ಯಾಟರಿ ಯಾವ ದಿನ, ಎಷ್ಟು ಗಂಟೆಗೆ ಪೂರ್ತಿ ಖಾಲಿ ಆಗುತ್ತದೆ? ಉತ್ತರವನ್ನು ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಕೆಳಗಿನ ಡಬ್ಬಿಯಲ್ಲಿ ಹಾಕಿರಿ. ಸರಿ ಉತ್ತರ ಬರೆದವರ ಹೆಸರು ಮುಂದಿನ ಸಂಚಿಕೆಯಲ್ಲಿ.

— ೭ನೇ ತರಗತಿಯ ವಿದ್ಯಾರ್ಥಿನಿ